ಬೇಮಳಖೇಡದಿಂದ ಬಂದ ಪೇಟಿ

ಹುಮನಾಬಾದಿನ ಅಮೃತ ಮಾಸ್ತರರು ತೀರಿಕೊಂಡ ಮೇಲೆ ಜನ ಕೇಳಿದ್ದು ಅವರ ಪೇಟಿಯ ಬಗ್ಗೆ. ಹೆಂಡತಿ ಶೇವಂತಾಬಾಯಿಯ ಬಗ್ಗೆ ಕೇಳುವಂಥದ್ದೇನೂ ಇರಲಿಲ್ಲ. ಅವಳು ಮನೆಯಲ್ಲಿರುತ್ತಾಳೆ. ಪೇಟಿ ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆಯಾಗಿತ್ತು.

ಆ ಕಾಲಕ್ಕೆ ಮಾಸ್ತರರ ಹೆಸರು ಬೀದರದಿಂದ ಲಾತೂರಿನ ತನಕ ಓಡಾಡುತ್ತಿತ್ತು. ಹಾರ್ಮೋನಿಯಂ ಪೇಟಿಯ ಮುಂದೆ ಕೂತು ಅವರು ಒಂದು ಪದ ಎತ್ತಿಕೊಂಡರೆಂದರೆ ಎದ್ದು ಹೋಗಬೇಕೆಂದಿದ್ದವರೂ ಚಪ್ಪಲಿ ಬಿಟ್ಟು ಮತ್ತೆ ಕೂರುತ್ತಿದ್ದರು. ಗುಲಬರ್ಗಾ ರೇಡಿಯೋ ಶುರುವಾದ ಮೇಲೆ ಹೆಸರು ಇನ್ನೂ ದೊಡ್ಡದಾಯಿತು. ರೇಡಿಯೋ ಇದ್ದವರ ಕಟ್ಟೆಯ ಮೇಲೆ ರೇಡಿಯೋ ಇಲ್ಲದವರು ಬಂದು ಕೂತು ಕೇಳುತ್ತಿದ್ದರು.

ಅಂಥ ಮಾಸ್ತರರಿಗೆ ಸ್ವಂತದ್ದೊಂದು ಪೇಟಿಯೇ ಇರಲಿಲ್ಲ ಎಂಬುದು ಶೇವಂತಾಬಾಯಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾಟಕ ಕಂಪನಿಯಲ್ಲಿದ್ದಾಗ ಅವರು ನುಡಿಸಿದ್ದು ಕಂಪನಿಯ ಪೇಟಿ. ಕಂಪನಿ ಬಿಟ್ಟು ಊರೂರು ಭಜನೆಗೆ ಹೋಗತೊಡಗಿದಾಗ ಆಯಾ ಊರಿನ ಪೇಟಿ. ರೇಡಿಯೋದಲ್ಲಿ ರೇಡಿಯೋದವರ ಪೇಟಿ. “ಪೇಟಿ ಹೊರೂದು ಹಮಾಲರ ಕೆಲಸ,” ಎಂದು ಅವರು ಹೇಳುತ್ತಿದ್ದರು. ಎಲೆಯಡಿಕೆಯ ಹಿತ್ತಾಳೆ ಡಬ್ಬಿಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಅವರ ಕೈ ಬಿದ್ದರೆ ಎಂಥ ಹಳೆಯ ಪೇಟಿಯೂ ಮಾತಾಡುತ್ತಿತ್ತು. ಹೀಗಾಗಿ ಊರೂರಿನ ಜನ ತಮ್ಮಲ್ಲೇ ಒಂದು ತೀರ್ಮಾನಕ್ಕೆ ಬಂದಿದ್ದರು: ನಮ್ಮ ಈ ಮುರುಕು ಪೇಟಿಯನ್ನೇ ಹೀಗೆ ನುಡಿಸುವವರು ಮನೆಯಲ್ಲಿ ತಮ್ಮದನ್ನು ಹೇಗೆ ನುಡಿಸುತ್ತಿರಬೇಡ.

ಮನೆಯಲ್ಲಿ ಒಂದು ಪೇಟಿ ಇದ್ದದ್ದು ನಿಜ. ಅದು ಶೇವಂತಾಬಾಯಿಯದು.

ಅವಳ ತಂದೆ ಅಮೋಘಸಿದ್ದಪ್ಪ ಬೇಮಳಖೇಡದವನು. ಕುರಿ ಕಾಯುವುದು, ಉಣ್ಣೆ ಕತ್ತರಿಸಿ ಕಂಬಳಿ ನೇಯ್ದು ಹುಮನಾಬಾದಿನ ಸಂತೆಗೆ ತರುವುದು ಅವನ ಕಸುಬು. ಒಂದು ಮಳೆಗಾಲ ಹುಮನಾಬಾದಿನಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯೊಂದು ಗಲ್ಲೆ ಇಲ್ಲದೆ, ಸಾಲವಾಗಿ ಮುಳುಗಿತು. ರಾಜ, ಮಂತ್ರಿ ಎಲ್ಲರೂ ಚಳಿಯಲ್ಲಿ ನಡುಗುತ್ತಿದ್ದರು. ಅವರಿಗೆ ಕಂಬಳಿ ಬೇಕಿತ್ತು, ಕೊಡಲು ಇದ್ದದ್ದು ಪೇಟಿ. ಅಮೋಘಸಿದ್ದಪ್ಪ ಕತ್ತೆಯ ಮೇಲೆ ಕಂಬಳಿ ಹೇರಿಕೊಂಡು ಬಂದವನು ಅದೇ ಕತ್ತೆಯ ಮೇಲೆ ಪೇಟಿ ಹೇರಿಕೊಂಡು ಹೋದ. ಪೇಟಿಯ ಹಿಂದೆ ಅದನ್ನು ನುಡಿಸುವ ಮುದುಕನೂ ನಡೆದು ಬಂದ. ಊರಿಗೆ ಹೋಗಲು ಅವನ ಹತ್ತಿರ ಬಸ್ಸಿನ ಚಾರ್ಜು ಇರಲಿಲ್ಲ. ಮಳೆ ನಿಲ್ಲುವ ತನಕ ಬೇಮಳಖೇಡದಲ್ಲಿ ರೊಟ್ಟಿ ತಿಂದ. ತಿಂದದ್ದಕ್ಕೆ ಪ್ರತಿಯಾಗಿ ಮನೆಯ ಹುಡುಗಿಗೆ ಪೇಟಿ ಕಲಿಸಿದ.

ಮಗಳು ಮೊದಲ ಸಲ ಒಂದು ಪದವನ್ನು ಪೂರಾ ನುಡಿಸಿದ ದಿನ ಅಮೋಘಸಿದ್ದಪ್ಪ ಚೆಂದ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಚಾಕು ತಂದು ಪೇಟಿಯ ಒಂದು ಮೂಲೆಯಲ್ಲಿ ಬೆರಳಗಲ ಕಚ್ಚು ಹಾಕಿದ. ಅವರಲ್ಲಿ ಮಗಳಿಗೆಂದು ಬಿಟ್ಟ ಕುರಿಯ ಕಿವಿಗೆ ಬೇರೆಯೇ ಒಂದು ಕಚ್ಚು ಇರುತ್ತದೆ. ಆ ಕುರಿ, ಅದರ ಮರಿ, ಮರಿಯ ಮರಿ ಎಲ್ಲ ಮಗಳದು. ಅವಳನ್ನು ಕೇಳದೆ ಅಣ್ಣತಮ್ಮಂದಿರು ಕೂಡ ಅದನ್ನು ಸಂತೆಗೆ ಹೊಡೆಯುವಂತಿಲ್ಲ.

ಮನೆಯಲ್ಲಿ ಪೇಟಿ ಇದೆ ಎಂಬ ಕಾರಣಕ್ಕೇ ಪೇಟಿ ನುಡಿಸುವ ವರ ಬಂದ. ಮದುವೆಯಾಗಿ ಸೊಸೆಯ ಹಿಂದೆ ಪೇಟಿಯೂ ಹುಮನಾಬಾದಿಗೆ ಬಂದಾಗ ಅಮೃತ ಮಾಸ್ತರರು ಅದರ ಮುಂದೆ ಕೂತರು, ತಿದಿ ಎಳೆದರು, ಒಂದೇ ಒಂದು ಪಟ್ಟಿ ಒತ್ತಿ ನೋಡಿದರು. “ಹೆಣಮಕ್ಕಳ ಪೇಟಿ,” ಎಂದರು. ಮುಚ್ಚಳ ಹಾಕಿ ಅದರ ಮೇಲೆ ಎಲೆಡಬ್ಬಿ ಇಟ್ಟರು. ಅವರು ಊರಲ್ಲಿದ್ದಾಗ ಡಬ್ಬಿಯ ಜಾಗ ಅದು.

ಶೇವಂತಾಬಾಯಿ ಪೇಟಿ ನುಡಿಸುತ್ತಿದ್ದದ್ದು ತಿಂಗಳಲ್ಲಿ ಮೂರು ದಿನ. ಅವಳ ಅತ್ತೆ ಮಡಿ ಮೈಲಿಗೆಯಲ್ಲಿ ಬಹಳ ಬಿಗಿ. ಸೊಸೆ ಹೊರಗಾದಳೆಂದರೆ ದನದ ಕೊಟ್ಟಿಗೆಯ ಪಕ್ಕದ ಸಣ್ಣ ಖೋಲಿಯಲ್ಲಿ ಕೂರಬೇಕು. ಒಲೆ ಇಲ್ಲ, ನೀರು ತರುವುದಿಲ್ಲ, ಕಸ ಇಲ್ಲ, ಬೀಸುವುದಿಲ್ಲ. ಮೊದಲ ತಿಂಗಳೇ ಶೇವಂತಾಬಾಯಿ ಪೇಟಿಯನ್ನು ಒಯ್ಯಲೇ ಎಂದು ಕೇಳಿದಳು. ಅತ್ತೆ ಯೋಚಿಸಿದಳು. ಅದು ದೇವರ ಸಾಮಾನಲ್ಲ, ಅಡಿಗೆಯ ಸಾಮಾನಲ್ಲ. “ಒಯ್ಯಿ,” ಎಂದಳು. ನಾಲ್ಕನೆಯ ದಿನ ಗೋಮೂತ್ರ ಚಿಮುಕಿಸಿ ಪೇಟಿಯನ್ನೂ ಸೊಸೆಯನ್ನೂ ಒಳಗೆ ತೆಗೆದುಕೊಂಡಳು. ಇದೇ ರೂಢಿಯಾಯಿತು. ಮಾಸ್ತರರು ಅಂದಿನಿಂದ ಆ ಪೇಟಿಗೆ ಬೆರಳು ತಾಗಿಸಲಿಲ್ಲ. ಡಬ್ಬಿಯನ್ನು ಮಾತ್ರ ಇಡುತ್ತಿದ್ದರು. ಹಿತ್ತಾಳೆಗೆ ಮೈಲಿಗೆ ಇಲ್ಲ, ಬೆರಳಿಗೆ ಇದೆ ಎಂಬುದು ಅವರ ವಿಚಾರ.

ಪಕ್ಕದ ಮನೆಯ ಕರೀಮಾ ಕೌದಿ ಹೊಲಿಯುವವಳು. ಅವಳಿಗೆ ಈ ಒಳಗು ಹೊರಗಿನ ಬಾಧೆ ಇರಲಿಲ್ಲ. ಶೇವಂತಾಬಾಯಿ ಖೋಲಿಯಲ್ಲಿ ಕೂತಳೆಂದು ತಿಳಿದರೆ ಸೂಜಿ ದಾರ ಹಿಡಿದು ಬಂದು ಹೊಸ್ತಿಲಲ್ಲಿ ಕೂರುತ್ತಿದ್ದಳು. “ಈ ತಿಂಗಳ ಇನ್ನೂ ಆಗಿಲ್ಲೇನು ಅಕ್ಕಾ?” ಎಂದು ಹಬ್ಬ ಯಾವಾಗ ಎಂದು ಕೇಳಿದ ಹಾಗೆ ಗೋಡೆಯಾಚೆಯಿಂದ ಕೇಳುತ್ತಿದ್ದಳು. ಮೂವತ್ತು ವರ್ಷ ಮಿಕ್ಕಿ ಹೀಗೇ ನಡೆಯಿತು. ಬೇರೆ ಹೆಂಗಸರು ಬೇಸರ ಮಾಡಿಕೊಳ್ಳುವ ಮೂರು ದಿನಗಳಿಗೆ ಶೇವಂತಾಬಾಯಿ ದಾರಿ ಕಾಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನೋ ಆಗಿದೆ ಎಂದು ವೈದ್ಯರ ಹತ್ತಿರ ಕರೆದೊಯ್ದಾರು.

ಐವತ್ತರ ಹತ್ತಿರ ಬಂದಾಗ ಮುಟ್ಟು ನಿಂತಿತು. ಓಣಿಯ ಹೆಂಗಸರು, “ಪಾರಾದಿ ಬಿಡವ್ವಾ,” ಎಂದರು. ಅತ್ತೆ ಅಷ್ಟೊತ್ತಿಗೆ ಇರಲಿಲ್ಲ, ಆದರೆ ಒಲೆ ಇತ್ತು, ಬೀಸುವ ಕಲ್ಲು ಇತ್ತು, ಬಂದು ಹೋಗುವ ಭಜನೆಯ ಮಂದಿ ಇದ್ದರು. ಹೊರಗೆ ಕೂರಲು ಕಾರಣವೇ ಉಳಿಯಲಿಲ್ಲ. ಒಂದೆರಡು ತಿಂಗಳು ಸುಳ್ಳು ಹೇಳಿ ಕೂತಳು. ಆಮೇಲೆ ನಾಚಿಕೆಯಾಗಿ ಬಿಟ್ಟಳು. ಮುಟ್ಟಿನ ಸಂಗಡ ಪೇಟಿಯೂ ನಿಂತಿತು. ಅದಾದ ಮೇಲೆ ಮಾಸ್ತರರು ಹೋದರು. ಸತ್ತವರ ಮನೆಯಲ್ಲಿ ವರ್ಷ ತುಂಬುವ ತನಕ ಹಾಡು ಬಜಾವಣೆ ಇಲ್ಲ.

ಶೇವಂತಾಬಾಯಿ ಗಂಡನಿಗಾಗಿ ಅತ್ತಳು. ಕೆಟ್ಟ ಮನುಷ್ಯನಲ್ಲ, ಕೈ ಎತ್ತಿದವನಲ್ಲ, ವರ್ಷದಲ್ಲಿ ಎಂಟು ತಿಂಗಳು ಮನೆಯಲ್ಲೇ ಇರುತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಅವಳ ತಲೆಯಲ್ಲಿ ಒಂದೇ ಒಂದು ಆಸೆ ಉಳಿಯಿತು. ವರ್ಷದ ಎಡೆ ಮುಗಿಯಲಿ. ಮರುದಿನ ಪೇಟಿ ತೆಗೆಯುತ್ತೇನೆ, ಖೋಲಿಯಲ್ಲಿ ಅಲ್ಲ, ನಡುಮನೆಯಲ್ಲಿ ಕೂರುತ್ತೇನೆ, ಬಾಗಿಲು ತೆರೆದಿಟ್ಟು ನುಡಿಸುತ್ತೇನೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳು ವರ್ಷವನ್ನು ದೂಡಿದಳು.

ಆದರೆ ಸತ್ತವರ ಸಾಮಾನು ವರ್ಷದ ತನಕ ಹೊಸ್ತಿಲು ದಾಟಬಾರದು ಎಂಬ ರೂಢಿಯೂ ಇತ್ತು. ಹಾಗಾಗಿ ಆ ವರ್ಷವನ್ನು ಇನ್ನೂ ಕೆಲವರು ಕಾಯುತ್ತಿದ್ದರು.

ಎಡೆಯ ಪಾತ್ರೆಗಳು ಇನ್ನೂ ಬೋರಲು ಬಿದ್ದಿದ್ದವು. ಮೈದುನ ಹಣಮಂತ ಬಂದು ಕಂಬಕ್ಕೆ ಆತು ಕೂತ. ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಸೈಕಲ್ ಅಂಗಡಿ. ಅಣ್ಣ ಇದ್ದಾಗ ಅಣ್ಣನ ಹೆಸರಿನಿಂದ ಅಂಗಡಿ ನಡೆಯುತ್ತಿತ್ತು, ಈಗಲೂ ಅದರಿಂದಲೇ ನಡೆಯುತ್ತಿತ್ತು.

“ವೈನಿ, ನಾಳಿ ಕಲ್ಯಾಣದವ್ರು ಬರಾಕತ್ತಾರ.”

“ಎದಕ್ಕ?”

“ಬಂಡೆಪ್ಪ ಸಾವಕಾರ್ರು. ಭಜನಿ ಮಂಡಳಿ ಅವ್ರು. ಅಣ್ಣನ ಪೇಟಿ ಒಯ್ತಾರಂತ.”

“ನಿಮ್ಮಣ್ಣನ ಪೇಟಿ ಎಲ್ಲದ?”

ಹಣಮಂತ ಪೇಟಿಯ ಕಡೆ ನೋಡಿದ. ಎಲೆಡಬ್ಬಿ ಇನ್ನೂ ಅದರ ಮೇಲೆಯೇ ಇತ್ತು.

“ಅದು ನಂದು, ಹಣಮಂತ. ನಮ್ಮಪ್ಪ ಕೊಟ್ಟಿದ್ದು.”

“ಅಲ್ಲ ಅಂತ ಯಾರಂದಾರ್ರಿ? ನಿಮ್ದು ಅಂದ್ರ ಅಣ್ಣಂದು. ಅಣ್ಣಂದು ಅಂದ್ರ ಮನಿದು.”

“ಮನಿದು ಅಂದ್ರ?”

“ಅದನ್ನ ನಾ ನೋಡ್ಕೋತೀನಿ.”

“ನಿಮ್ಮಣ್ಣ ಅದನ್ನ ಒಂದ್ ದಿವಸ ನುಡಿಸಿಲ್ಲ. ನಿಂಗ ಗೊತ್ತಿಲ್ಲೇನು?”

“ನಾ ಅಂಗಡ್ಯಾಗ ಇರ್ತಿದ್ದೆ, ನಂಗೇನ್ ಗೊತ್ತಿರ್ತದ? ಆ ಮಾತು ಅವ್ರ ಮುಂದ ಅನಬ್ಯಾಡ್ರಿ ವೈನಿ. ಕಲ್ಯಾಣ ಬಸ್ ಸ್ಟ್ಯಾಂಡಿನ್ಯಾಗ ಬ್ಯಾಂಡಿನವ್ರಿಗಿ ಹೇಳ್ಯಾರ. ಮೆರವಣಗಿ ಅದ.”

ಬಸವಕಲ್ಯಾಣದ ಮಂಡಳಿಯ ಕಷ್ಟ ಬೇರೆ ಇತ್ತು. ಮೋರಖಂಡಿಯ ಮಂಡಳಿಯವರು ಯಾವನೋ ಹೆಸರುವಾಸಿ ತಬಲಜಿಯ ತಬಲಾ ತಂದಿಟ್ಟುಕೊಂಡಿದ್ದರು. ಅದರ ಚರ್ಮ ಹರಿದಿತ್ತು, ಬಾರಿಸಲು ಬರುತ್ತಿರಲಿಲ್ಲ. ಆದರೂ ಜನ ಬಂದು ಕೈ ಮುಗಿದು ಹೋಗುತ್ತಿದ್ದರು. ಎರಡು ಮಂಡಳಿಗಳು ಒಂದೇ ಕಡೆ ಹಾಡಲು ಕೂತರೆ ಕಲ್ಯಾಣದವರ ಮುಖ ಸಣ್ಣದಾಗುತ್ತಿತ್ತು.

ಮರುದಿನ ಗುರುವಾರ. ಹತ್ತು ಗಂಟೆಯ ಬಸ್ಸಿಗೆ ಬಂಡೆಪ್ಪ ಸಾವಕಾರ ಇಳಿದ. ತೊಗರಿ ಅಡತಿಯ ವ್ಯಾಪಾರಿ, ಭಾರಿ ಆಳು, ಬಿಳಿ ಧೋತರ. ಸಂಗಡ ಅವನ ಮಂಡಳಿಯಲ್ಲಿ ಪೇಟಿ ನುಡಿಸುವ ಇಸ್ಮಾಯಿಲ ಇದ್ದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬಂಡೆಪ್ಪ ಒಳಗೆ ಬಂದವನು ಶೇವಂತಾಬಾಯಿಗೆ ಶರಣು ಅನ್ನುವುದಕ್ಕೆ ಮೊದಲು ಪೇಟಿಗೆ ಅಡ್ಡಬಿದ್ದ. ಹಣೆಯನ್ನು ಅದರ ಮುಚ್ಚಳಕ್ಕೆ ಒತ್ತಿದ. ಎದ್ದಾಗ ಹಣೆಯ ಮೇಲೆ ಧೂಳಿನ ಗೆರೆ ಇತ್ತು. ಒರೆಸಿಕೊಳ್ಳಲಿಲ್ಲ.

ಹಣಮಂತ ಎಲೆಡಬ್ಬಿಯನ್ನು ತೆಗೆದು ಪಕ್ಕಕ್ಕಿಟ್ಟ. ಮುಚ್ಚಳದ ಮೇಲೆ ದುಂಡನೆಯ ಕಪ್ಪು ಗುರುತು ಕಾಣಿಸಿತು.

“ಇದೇನ್ರಿ?” ಬಂಡೆಪ್ಪ ಕೇಳಿದ.

“ಎಲಿಡಬ್ಬಿ ಇಟ್ಟು ಇಟ್ಟು ಆಗಿದ್ದು,” ಎಂದಳು ಶೇವಂತಾಬಾಯಿ.

ಬಂಡೆಪ್ಪ ಆ ಗುರುತನ್ನು ಮುಟ್ಟಿ ಬೆರಳು ಕಣ್ಣಿಗೆ ಒತ್ತಿಕೊಂಡ. “ಎಷ್ಟು ವರ್ಷದ ಸಾಧನಾ ನೋಡ್ರಿ.”

“ಅವ್ರು ಇದನ್ನ ನುಡಸ್ತಿರಲಿಲ್ರಿ. ಇದು ನಂದು. ತವರಿನಿಂದ ತಂದದ್ದು.”

“ಹೌದ್ರಿ ಅಕ್ಕಾ, ಹೌದು,” ಎಂದು ಬಂಡೆಪ್ಪ ತಲೆಯಾಡಿಸಿದ. ಇಸ್ಮಾಯಿಲನ ಕಡೆ ತಿರುಗಿ ಮೆಲ್ಲಗೆ, “ಪಾಪ, ಕೊಡಾಕ ಜೀವ ಒಲ್ಲದು,” ಎಂದ.

ಮೂಲೆಯ ಕಚ್ಚು ಅವನ ಕಣ್ಣಿಗೆ ಬಿತ್ತು. ಅದೇನೆಂದು ಶೇವಂತಾಬಾಯಿ ಹೇಳಬೇಕೆನ್ನುವಷ್ಟರಲ್ಲಿ ಹಣಮಂತ ಮುಂದಾದ. “ಅದೇನ್ ಕೇಳ್ತೀರಿ ಸಾವಕಾರ್ರ, ಉದಗೀರದಾಗ ಜಿದ್ದಿನ ಭಜನಿ ಇತ್ತು. ಸೋತವ್ರು ಸಿಟ್ಟಿಗೆದ್ದು ಕೊಡ್ಲಿ ಬೀಸಿದ್ರು. ಅಣ್ಣ ಪೇಟಿಗಿ ಅಡ್ಡ ನಿಂತ. ಅದಕ್ಕ ಬರೇ ಮೂಲಿಗಿ ಹತ್ತೇದ.” ಶುರು ಮಾಡಿದಾಗ ಅದು ಸುಳ್ಳಾಗಿತ್ತು. ಮುಗಿಯುವ ಹೊತ್ತಿಗೆ ಅವನು ಅದನ್ನು ನಂಬಿದ್ದ.

“ಅದು ಕುರಿ ಕಿವಿ ಗುರುತು,” ಎಂದಳು ಶೇವಂತಾಬಾಯಿ. “ನಮ್ಮಪ್ಪ ಹಾಕಿದ್ದು. ನಮ್ಮಲ್ಲಿ ಮಗಳ ಕುರಿಗಿ ಹಂಗ ಹಾಕ್ತಾರ.”

ಈ ಮಾತು ಕೊಡಲಿಯ ಮುಂದೆ ನಿಲ್ಲುವಂತಿರಲಿಲ್ಲ.

ಇಸ್ಮಾಯಿಲ ಮುಚ್ಚಳ ತೆಗೆದು ಪಟ್ಟಿಗಳ ಮೇಲೆ ಬಗ್ಗಿ ನೋಡಿದ. ಯಾವ ಪಟ್ಟಿ ಸವೆದಿದೆ, ಯಾವುದು ಸವೆದಿಲ್ಲ ಎಂದು ಬೆರಳಾಡಿಸಿದ. “ಸಾವಕಾರ್ರ, ಇದು ಭಾಳ ಮ್ಯಾಲಿನ ಪಟ್ಟಿದಾಗ ನುಡಿಸಿದ್ದು. ಹೆಣ್ಣು ಧ್ವನಿದು. ಮಾಸ್ತರ್ರು ಕೆಳಗ ಹಾಡ್ತಿದ್ರು.”

ಬಂಡೆಪ್ಪ ತಾನೂ ಬಗ್ಗಿ ಪಟ್ಟಿಗಳನ್ನು ನೋಡಿದ. ಶೇವಂತಾಬಾಯಿಗೆ ಎದೆ ಹಗುರಾಯಿತು. ಆಮೇಲೆ ಬಂಡೆಪ್ಪನ ಮುಖ ಅರಳಿತು.

“ಮನ್ಯಾಗ ಅಷ್ಟು ಮ್ಯಾಲ ಹಾಡ್ತಿದ್ರು! ಹೊರಗ ಬಂದಾಗ ನಮ್ಮಂಥವ್ರಿಗಿ ಧ್ವನಿ ಮುಟ್ಟಂಗಿಲ್ಲ ಅಂತ ಇಳಿಸ್ತಿದ್ರು. ಎಂಥಾ ದಯಾ ನೋಡೋ ಇಸ್ಮಾಯಿಲ.”

ಇಸ್ಮಾಯಿಲ ಬಂಡೆಪ್ಪನನ್ನು ನೋಡಿದ. ಶೇವಂತಾಬಾಯಿಯನ್ನೂ ನೋಡಿದ. “ಬಾಯೀ, ನೀವು ನುಡಸ್ತೀರೇನು?”

“ನುಡಸ್ತಿದ್ದೆ.”

“ಅಡಗಿ ಭಾಳ ಛಲೋ ಮಾಡ್ತಾರ ನಮ್ಮ ವೈನಿ,” ಎಂದ ಹಣಮಂತ.

ಒಯ್ಯುವ ಮೊದಲು ಕೇಳಿ ನೋಡಬೇಕಲ್ಲ, ಇಸ್ಮಾಯಿಲ ಕೂತು ಒಂದು ಪದ ನುಡಿಸಿದ. ಶೇವಂತಾಬಾಯಿ ಕಂಬದ ಹತ್ತಿರ ನಿಂತು ಕೇಳಿದಳು. ಇಷ್ಟು ವರ್ಷಗಳಲ್ಲಿ ತನ್ನ ಪೇಟಿಯನ್ನು ಅವಳು ಆಚೆ ನಿಂತು ಕೇಳಿದ್ದು ಇದೇ ಮೊದಲು. ಅದರ ಮುಂದೆ ಕೂತಾಗ ಅದು ಅವಳ ಮೊಣಕಾಲಿಗೆ ತಾಗಿ ನಡುಗುತ್ತಿತ್ತು, ಎಲ್ಲಿಯ ತನಕ ತಾನು, ಎಲ್ಲಿಂದ ಪೇಟಿ ಎಂದು ಗೊತ್ತಾಗುತ್ತಿರಲಿಲ್ಲ. ಈಗ ದೂರದಿಂದ ಕೇಳಿದರೆ ಅದೊಂದು ಸಾಧಾರಣ ಪೇಟಿ. ಮೇಲಿನ ಒಂದು ಪಟ್ಟಿಯಲ್ಲಂತೂ ಗಾಳಿ ಸೋರಿ ‘ಹಾ’ ಎನ್ನುತ್ತಿತ್ತು. ಆ ಪಟ್ಟಿಯನ್ನು ತಾನು ಯಾವಾಗಲೂ ತಪ್ಪಿಸಿ ದಾಟುತ್ತಿದ್ದೆ ಎಂಬುದು ಅವಳಿಗೆ ಈಗ ತಿಳಿಯಿತು. ಬೇರೆಯವರ ಕೈಯಲ್ಲಿ ತನ್ನ ಮಗು ತೊದಲುವುದನ್ನು ಕೇಳಿದ ಹಾಗಾಯಿತು. ಪೇಟಿಯ ಮೇಲೆ ಅವಳಿಗೆ ಅಷ್ಟೊಂದು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

“ಕೇಳಿದಿರೇನು ಅದು?” ಬಂಡೆಪ್ಪನ ಕಣ್ಣು ಒದ್ದೆಯಾಗಿತ್ತು. “ಮಾಸ್ತರ್ರ ಉಸುರು ಅದು. ಇನ್ನೂ ಒಳಗದ.”

“ಸುರ ಸೋರಾಕತ್ತದ,” ಎಂದ ಇಸ್ಮಾಯಿಲ.

“ನೀ ಸುಮ್ಮನಿರು.”

ಬಂಡೆಪ್ಪ ಚೀಲದಿಂದ ಹೊಸ ಹಳದಿ ಬಟ್ಟೆ ತೆಗೆದು ಹಾಸಿದ. ಚೆಂಡುಹೂವಿನ ಹಾರ ತೆಗೆದು ಪೇಟಿಗೆ ಹಾಕಿದ. ಹಣಮಂತನೂ ಅವನೂ ಎರಡು ಕಡೆ ಕೈ ಕೊಟ್ಟು ಬಗ್ಗಿ ಎತ್ತಿದರು.

ಶೇವಂತಾಬಾಯಿಯ ಗಂಟಲಲ್ಲಿ ಒಂದು ಮಾತು ಇತ್ತು. ಅದು ಬೆಳಿಗ್ಗೆಯಿಂದಲೂ ಅಲ್ಲಿತ್ತು. ಅದನ್ನು ಅವಳು ಯಾವ ಗಂಡಸಿನ ಮುಂದೆಯೂ ಆಡಿದವಳಲ್ಲ. ಗಂಡನ ಮುಂದೆಯೂ ಇಲ್ಲ. ಊಟದ ತಾಟು ತಂದಿಡುವುದು ಇವಳಲ್ಲ, ಅತ್ತೆ ಎಂದು ಕಂಡಾಗ ಮಾಸ್ತರರು ತಾವೇ ತಿಳಿದುಕೊಳ್ಳುತ್ತಿದ್ದರು. ಊರಿನಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿರುವ, ಎಲ್ಲ ಗಂಡಸರಿಗೂ ಗೊತ್ತಿರುವ, ಯಾರೂ ಯಾರ ಮುಂದೆಯೂ ಆಡದ ಮಾತು ಅದು. ಆಡಿದರೆ ಈ ವಯಸ್ಸಿನಲ್ಲಿ, ವಿಧವೆ, ಮಾಸ್ತರರ ಹೆಂಡತಿ, ಇನ್ನು ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಆಡದಿದ್ದರೆ ಪೇಟಿ ಹನ್ನೆರಡರ ಬಸ್ಸಿಗೆ ಹೋಗುತ್ತದೆ.

“ಬಂಡೆಪ್ಪಣ್ಣ, ಅದನ್ನ ಕೆಳಗ ಇಡ್ರಿ.”

ಇಟ್ಟರು.

“ನಾ ಹೊರಗ ಕುಂತಾಗೆಲ್ಲ ಅದು ನನ್ನ ಸಂಗಟೇ ಇರ್ತಿತ್ತು. ತಿಂಗಳ ಮೂರು ದಿವಸ, ಆ ಖೋಲ್ಯಾಗ. ಮದಿವಿ ಆದಾಗಿಂದ. ಆ ಮೂರು ದಿವಸ ಬಿಟ್ಟು ಅದನ್ನ ಬ್ಯಾರೆ ಯಾವತ್ತೂ ಯಾರೂ ನುಡಿಸಿಲ್ಲ.”

ಹಣಮಂತ ಮೊದಲು ನೆಲ ನೋಡಿದ, ಆಮೇಲೆ ಜಂತಿ ನೋಡಿದ.

ಕಲ್ಯಾಣದ ಮಂಡಳಿಯವರು ಪ್ರತಿ ಸೋಮವಾರ, ಮೈಲಿಗೆ ಎಂಬುದೇ ಇಲ್ಲ, ಸೂತಕ ಎಂಬುದೇ ಇಲ್ಲ ಎಂಬ ಅರ್ಥದ ಪದಗಳನ್ನು ಹಾಡುತ್ತಿದ್ದರು. ಬಂಡೆಪ್ಪನೇ ಮುಂದಾಳು. ಆ ಪದ ಬಂದಾಗ ಅವನು ಕಣ್ಣು ಮುಚ್ಚಿ ಎರಡೆರಡು ಸಲ ಹಾಡುತ್ತಿದ್ದ. ಆದರೆ ಅದು ಸೋಮವಾರದ ವಿಷಯ. ಇವತ್ತು ಗುರುವಾರ.

ಅವನು ಕೈಗಳನ್ನು ಪೇಟಿಯಿಂದ ತೆಗೆದು ಧೋತರಕ್ಕೆ ಒರೆಸಿಕೊಂಡ. ಒರೆಸಿಕೊಂಡ ಮೇಲೆ ಧೋತರದ ನೆನಪಾಗಿ ಅದನ್ನೂ ನೋಡಿಕೊಂಡ. ಹಣೆಯ ಕಡೆ ಕೈ ಹೋಯಿತು, ಅರ್ಧಕ್ಕೆ ನಿಂತಿತು. ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯಲಿಲ್ಲ.

“ನಾ ಮೊದ್ಲೇ ಅಂದೆ, ಹೆಣ್ಣು ಧ್ವನಿದು ಅಂತ,” ಎಂದ ಇಸ್ಮಾಯಿಲ. ಅವನು ಬಗ್ಗಿ ಪಟ್ಟಿಗಳ ಮೇಲೆ ಮತ್ತೆ ಬೆರಳಿಟ್ಟ.

ಬಂಡೆಪ್ಪ ವ್ಯಾಪಾರಿ. ಕೂತುಕೊಂಡು ಒಂದು ಗ್ಲಾಸು ನೀರು ಕುಡಿದ ಮೇಲೆ ಅವನ ತಲೆ ಓಡಿತು. “ನೋಡ್ರಿ ಅಕ್ಕಾ, ಬ್ಯಾಂಡಿನವ್ರು ಬಂದು ನಿಂತಿರ್ತಾರ. ಖಾಲಿ ಕೈಲೆ ಹೋದ್ರ ಮೋರಖಂಡಿಯವ್ರು ನಗ್ತಾರ. ಜರಾ ಗೋಮೂತ್ರ ಚಿಮುಕಿಸೋಣ, ಗಂಗಾಜಲ ನನ್ನ ಮನ್ಯಾಗ ಅದ. ಈ ಹಕೀಕತ್ ಗೊತ್ತಿದ್ದವ್ರು ನಾವು ನಾಕೇ ಮಂದಿ. ನಾಕೂ ಮಂದಿ ಬಾಯಿ ಮುಚ್ಕೊಂಡ್ರ ಆತು.”

“ಐದ್ರಿ,” ಎಂದು ಗೋಡೆಯಾಚೆಯಿಂದ ಕರೀಮಾ ಕೂಗಿದಳು. “ನಂಗೂ ಗೊತ್ತದ.”

ಬಂಡೆಪ್ಪ ಗೋಡೆಯ ಕಡೆ ನೋಡಿದ.

“ನಾ ಬಾಯಿ ಮುಚ್ಚೂದಿಲ್ರಿ,” ಎಂದಳು ಶೇವಂತಾಬಾಯಿ. ಒಂದು ಸಲ ಬಾಯಿಂದ ಬಿದ್ದ ಮೇಲೆ ಆ ಮಾತು ಅಂಥ ಭಾರವಿಲ್ಲ ಎಂದು ಅವಳಿಗೇ ಆಶ್ಚರ್ಯವಾಗಿತ್ತು. “ನನ್ನ ಪೇಟಿ ಎಲ್ಲಿ ಇರ್ತದ, ಅಲ್ಲಿಗಿ ನಾನೂ ಬರ್ತೀನಿ. ಸೋಮವಾರ ಭಜನಿ ಅಲ್ರಿ? ಕಲ್ಯಾಣಕ್ಕ ಬಸ್ ಬೇಕಾದಷ್ಟವ. ನಡಬರಕ ಕುಂತು ಎಲ್ಲಾರಿಗಿ ಒಂದೊಂದಾಗಿ ಹೇಳ್ತೀನಿ.”

ಹಣಮಂತನಿಗೆ ಧ್ವನಿ ಬಂತು. “ವೈನಿ! ಅಣ್ಣನ ಇಜ್ಜತ್ ಏನಾಗಬೇಕ್ರಿ? ಹಿಂತಾ ಪೇಟಿ ಮುಟ್ಟಿ ದೇವರ ಪದಾ ಹಾಡಿದ ಅಂತ ಮಂದಿ ಅಂದ್ರ?”

“ನಿಮ್ಮಣ್ಣ ಮುಟ್ಟಿಲ್ಲಪ್ಪ. ಅದನ್ನೇ ಮುಂಜಾನಿಯಿಂದ ಹೇಳಾಕತ್ತೀನಿ.”

“ಮಾಸ್ತರ್ರಿಗಿ ಗೊತ್ತಿತ್ತೇನ್ರಿ?” ಬಂಡೆಪ್ಪ ಕೇಳಿದ.

“ಗೊತ್ತಿತ್ತು. ಅದಕ್ಕ ಮುಟ್ಟಲಿಲ್ಲ.”

ಬಂಡೆಪ್ಪನ ಮುಖದ ಮೇಲೆ ನಿಧಾನವಾಗಿ ಬೆಳಕು ಮರಳಿತು. “ಕೇಳಿದೇನೋ ಇಸ್ಮಾಯಿಲ? ಪೇಟಿಯಂಥಾ ಪೇಟಿ ಮನ್ಯಾಗ ಇಟ್ಕೊಂಡು ಒಂದ್ ದಿವಸ ಮುಟ್ಟಲಿಲ್ಲ. ಇದಕ್ಕಂತಾರ ವೈರಾಗ್ಯ.”

ಅದೊಂದೇ ಕಾರಣವಲ್ಲ, ಪೇಟಿ ಅವರಿಗೆ ಸೇರಲಿಲ್ಲ ಎಂದು ಹೇಳಲು ಶೇವಂತಾಬಾಯಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಅವಳಿಗೆ ಬೇಕಿದ್ದದ್ದು ಪೇಟಿ. ವೈರಾಗ್ಯವನ್ನು ಅವರು ಒಯ್ಯಲಿ.

ಬಂಡೆಪ್ಪನ ಕಣ್ಣು ಕೋಣೆಯ ಸುತ್ತ ಆಡಿ ಎಲೆಡಬ್ಬಿಯ ಮೇಲೆ ಬಂದು ಕೂತಿತು. “ಅದು ಹಿತ್ತಾಳಿದೇನ್ರಿ?”

“ಹಿತ್ತಾಳಿದು.”

“ಮಾಸ್ತರ್ರದೇ?”

“ಅವ್ರದೇ. ದಿನಾ ಅವ್ರ ಕೈಯಾಗ ಇರ್ತಿತ್ತು. ಹಿತ್ತಾಳಿಗಿ ಮೈಲಿಗಿ ಇಲ್ಲ ಅಂತ ಅವ್ರೇ ಅನ್ನಾವ್ರು.”

ಅವಳು ಆ ದಿನ ಆಡಿದ ಮಾತುಗಳಲ್ಲಿ ಅವರು ತಕರಾರಿಲ್ಲದೆ ನಂಬಿದ್ದು ಇದೊಂದನ್ನೇ. ಬಂಡೆಪ್ಪ ಪೇಟಿಯ ಮೇಲಿನ ಹಾರವನ್ನು ಬೆರಳ ತುದಿಯಿಂದ ಎತ್ತಿದ, ಅದು ಆಗುವುದಿಲ್ಲ ಎಂದು ಅಲ್ಲೇ ಬಿಟ್ಟ. ಚೀಲದಲ್ಲಿ ಇನ್ನೊಂದು ಹಾರ ಇತ್ತು. ಡಬ್ಬಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡ. ಅದಕ್ಕೆ ಹಣಮಂತನ ಕೈಗೆ ಏನು ಕೊಟ್ಟನೋ ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಕಲ್ಯಾಣದಲ್ಲಿ ಬ್ಯಾಂಡು ಬಾರಿಸಿ ಡಬ್ಬಿಯ ಮೆರವಣಿಗೆ ಮಾಡಿದರು. ಅದರ ಒಳಗೆ ಅರ್ಧ ಅಡಿಕೆಯೂ ಒಣಗಿದ ಸುಣ್ಣವೂ ಇದ್ದವು. ಮೋರಖಂಡಿಯವರ ಹತ್ತಿರ ಅದಕ್ಕೆ ಜವಾಬು ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಹೊಸ್ತಿಲು ದಾಟುವಾಗ ಇಸ್ಮಾಯಿಲ ಹಿಂದೆ ಉಳಿದ. “ಬಾಯೀ, ಆ ಮ್ಯಾಲಿನ ಸುರಕ್ಕ ಒಳಗ ಜರಾ ಮೇಣ ಹಚ್ಚಿಸ್ರಿ. ಪೇಟಿ ಛಲೋ ಅದ,” ಎಂದು ಹೇಳಿ ಬಂಡೆಪ್ಪನ ಹಿಂದೆ ಓಡಿದ.

ಎಲ್ಲರೂ ಹೋದರು. ಅವರನ್ನು ಬಸ್ಸು ಹತ್ತಿಸಲು, ಹತ್ತಿಸುವುದರೊಳಗೆ ಎಲ್ಲೂ ಬಾಯಿ ಬಿಡದಂತೆ ಆಣೆ ಹಾಕಿಸಿಕೊಳ್ಳಲು ಹಣಮಂತನೂ ಹೋದ. ಶೇವಂತಾಬಾಯಿ ಕಂಬಕ್ಕೆ ಆತು ನಿಂತಳು. ಕಿವಿ ಎರಡೂ ಸುಡುತ್ತಿದ್ದವು. ಪೇಟಿ ನಡುಮನೆಯಲ್ಲಿ ಒಂದು ಹಾರ ಹಾಕಿಕೊಂಡು ಕೂತಿತ್ತು. ಅರ್ಧ ಗಳಿಗೆಯ ಹಿಂದೆ ಅದಕ್ಕೆ ಅಡ್ಡಬಿದ್ದವರು ಹೋಗುವಾಗ ತಿರುಗಿ ಕೂಡ ನೋಡಲಿಲ್ಲ. ಅವಳಿಗೆ ಬೇಕಾದದ್ದೂ ಅದೇ. ಆದರೂ ಮಗಳನ್ನು ನೋಡಲು ಬಂದವರು ಒಲ್ಲೆವೆಂದು ಎದ್ದು ಹೋದಾಗ ಆಗುವಂತೆ ಸ್ವಲ್ಪ ಕೆಟ್ಟೆನಿಸಿತು. ಬೇಡದ ಗಂಡೇ ಆಗಿದ್ದರೂ ಹಾಗೆ ಆಗುತ್ತದೆ.

ಕರೀಮಾ ಸೂಜಿ ದಾರದ ಸಮೇತ ಬಂದಳು.

“ಯವ್ವಾ, ಗಂಡಸ್ರ ಮುಂದ ಹ್ಯಾಂಗ ಅಂದಿ ಅಕ್ಕಾ?”

“ಬಾಯಿಲೆ ಅಂದೆ.”

ಇಬ್ಬರೂ ನಗಲು ಶುರು ಮಾಡಿದರು. ನಗು ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು. ಕರೀಮಾ ಅಭ್ಯಾಸದಂತೆ ಕೊಟ್ಟಿಗೆಯ ಖೋಲಿಯ ಕಡೆ ಹೊರಟಳು. “ಆ ಕಡಿ ಎಲ್ಲಿ ಹೊಂಟಿ?” ಎಂದು ಶೇವಂತಾಬಾಯಿ ಅವಳನ್ನು ನಡುಮನೆಯಲ್ಲೇ ಕೂರಿಸಿದಳು. ಬಾಗಿಲನ್ನು ಪೂರಾ ತೆರೆದು ಅದು ಗಾಳಿಗೆ ಮುಚ್ಚದಂತೆ ಕಲ್ಲು ಒತ್ತಿಟ್ಟಳು. ತಿದಿ ಎಳೆದಳು.

ಮೊದಲ ಪದ ಕೆಟ್ಟಿತು. ಬೆರಳುಗಳು ಮರೆತಿದ್ದವು. ಎರಡನೆಯದೂ ಕೆಟ್ಟಿತು.

“ಬೆರಳು ಮರತಾವೇನು ಅಕ್ಕಾ?”

“ಮರತಾವ.”

“ಮತ್ತ?”

“ಮತ್ತೇನು, ನಾಳಿ ಬಾ. ನಾಡ್ದನೂ ಬಾ.”

ಹಣಮಂತ ಮಧ್ಯಾಹ್ನ ತಿರುಗಿ ಬಂದಾಗ ಒಲೆ ಹತ್ತಿರಲಿಲ್ಲ. ಅವನು ಹೊಸ್ತಿಲ ತನಕ ಬಂದು ಪೇಟಿ ನೋಡಿ ಅಲ್ಲೇ ನಿಂತ. ಊಟದ ಮಾತು ಎತ್ತಲು ಧೈರ್ಯ ಬರಲಿಲ್ಲ. ವೈನಿ ಇನ್ನೂ ಏನು ಆಡುತ್ತಾಳೋ ಎಂಬ ಹೆದರಿಕೆ ಅವನಿಗೆ ಶಾಶ್ವತವಾಗಿ ಹತ್ತಿಕೊಂಡಿತ್ತು. ಬುಟ್ಟಿಯಲ್ಲಿದ್ದ ನಿನ್ನೆಯ ರೊಟ್ಟಿ ತಾನೇ ತೆಗೆದುಕೊಂಡು ಹೋಗಿ ಕಟ್ಟೆಯ ಮೇಲೆ ತಿಂದ.

ಅದಾದ ಮೇಲೆ ಹುಮನಾಬಾದಿನಲ್ಲಿ ಅಮೃತ ಮಾಸ್ತರರಿಗೆ ಪೇಟಿ ಇರಲಿಲ್ಲ ಎಂದು ಹೇಳಿಕೊಂಡು ತಿರುಗಿದವನು ಹಣಮಂತನೇ. ಚಹಾದ ಹೋಟೆಲಿನಲ್ಲಿ, ಸೈಕಲ್ ಅಂಗಡಿಯಲ್ಲಿ, ಪಂಕ್ಚರ್ ಹಚ್ಚಿಸಲು ಬಂದವರಿಗೆ ಕೂಡ ಹೇಳಿದ. ಕಾರಣ ಮಾತ್ರ ಹೇಳಲಿಲ್ಲ. ಜನ ನಂಬುತ್ತಿರಲಿಲ್ಲ. ನಂಬದಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಬೇಸಿಗೆಯಲ್ಲಿ ಉದಗೀರದ ಮಂಡಳಿಯವರು ಇಬ್ಬರು ಮುದ್ದಾಂ ಪೇಟಿಯನ್ನೇ ಕೇಳಿಕೊಂಡು ಬಂದರು. ಹಣಮಂತ ಅವರನ್ನು ಓಣಿಯಲ್ಲೇ ತಡೆದ.

“ಅಣ್ಣಂದು ಅಲ್ರಿ ಅದು. ಅಣ್ಣ ಅದಕ್ಕ ಕೈ ಸುದ್ದಾ ಹಚ್ಚಿಲ್ಲ. ನಮ್ಮ ವೈನಿದು. ಅವ್ರಪ್ಪ ಕೊಟ್ಟಿದ್ದು, ಬೇಮಳಖೇಡದಿಂದ ಬಂದದ್ದು. ಬೇಕಾದ್ರ ಯಾರಿಗರೆ ಕೇಳ್ರಿ.”

ಒಳಗೆ ಶೇವಂತಾಬಾಯಿ ಒಂದು ಪದದ ನಡುವೆ ತಪ್ಪಿ ಮತ್ತೆ ಮೊದಲಿನಿಂದ ಹಿಡಿದಿದ್ದಳು. ಬಂದವರು ಚಪ್ಪಲಿ ಕಾಲಲ್ಲೇ ನಿಂತು ಕೇಳಿದರು. ಒಬ್ಬನು ತಲೆದೂಗಿದ.

“ಛಲೋ ನುಡಸ್ತಾರಲ್ರಿ.”

“ಈಗ ಜರಾ ದಿನಾ ಕುಂದ್ರಾಕತ್ತಾರ,” ಎಂದ ಹಣಮಂತ.